ಮಸ್ಕಿಗೆ ಬಂದ ರೈಲು

ಬೌಂಡರಿಯಿಂದ ಎಸೆದ ಚೆಂಡು ಮುಷರಫನ ಕಿವಿಯ ಹಿಂದೆ ಬಡಿಯಿತು. ರನ್ನಿಗೆ ಓಡುತ್ತಿದ್ದವನು ಕ್ರೀಸಿನೊಳಗೆ ಮುಗ್ಗರಿಸಿ ಬಿದ್ದ. ಧಗೆ ತಾಳದೆ ಹಿಂದಿನ ಓವರಿನಲ್ಲಷ್ಟೇ ಹೆಲ್ಮೆಟ್ ತೆಗೆದಿಟ್ಟಿದ್ದ. ಸಿಂಧನೂರಿನ ಮೈದಾನದ ತುಂಬ ಜನ ಎದ್ದು ನಿಂತರು. ಆಮೇಲೆ ಮೈಕಿನವನು ಕೂಗಿದ: "ಬಂದ್ರು ನೋಡ್ರಿ ನಮ್ಮ ಸ್ಪ್ರೇ ಪಂಪಣ್ಣ! ಇನ್ನ ಹೆಣಾನೂ ಎದ್ದು ರನ್ ಓಡ್ತದ!"

ಪ್ರಥಮ ಚಿಕಿತ್ಸೆಯ ಚೀಲ ಹೆಗಲಿಗೇರಿಸಿಕೊಂಡು ಪಂಪಾಪತಿ ಓಡಿಬಂದ. ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಅವನು ಈ ಸೀಮೆಯ ಟೂರ್ನಿಗಳಿಗೆಲ್ಲ ತಾನಾಗಿಯೇ ಹೋಗುತ್ತಿದ್ದ. ಉಳುಕಿದ ಕಾಲಿಗೆ, ಜಜ್ಜಿದ ಬೆರಳಿಗೆ ತಣ್ಣನೆಯ ಸ್ಪ್ರೇ ಹೊಡೆದು, ಪಟ್ಟಿ ಬಿಗಿದು, ಬೆನ್ನು ತಟ್ಟಿ ಮತ್ತೆ ಆಟಕ್ಕೆ ಕಳಿಸುತ್ತಿದ್ದ. ಯಾರನ್ನೂ ಹೊರಗೆ ಕೂರಿಸಿದವನಲ್ಲ ಎಂಬ ಹೆಸರು ಅವನಿಗಿತ್ತು. ಆ ಹೆಸರು ಅವನಿಗೂ ಇಷ್ಟವಾಗಿತ್ತು.

"ಮುಷರಫ್, ಇದು ಯಾವ ಊರಪಾ?"

ಮುಷರಫ್ ಅವನ ಮುಖ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ನಕ್ಕ. "ಸಿಂಧನೂರು. ಇವತ್ತು ನಮ್ಮ ಮಸ್ಕಿ ಕೈಯಾಗ ಸೋಲೋ ಊರು."

ಉತ್ತರ ಸರಿಯಿತ್ತು. ಅದಕ್ಕೂ ಮೊದಲಿನ ಮೌನ ಪಂಪಾಪತಿಗೆ ಸರಿಕಾಣಲಿಲ್ಲ.

"ಇವ ಆಡಂಗಿಲ್ಲ. ದವಾಖಾನಿಗೆ ಕರಕೊಂಡು ಹೋಗೂಣು," ಎಂದ.

ಮಸ್ಕಿ ತಂಡದ ಕ್ಯಾಪ್ಟನ್ ಯಮನೂರಪ್ಪ ಅಷ್ಟರಲ್ಲಿ ಒಳಗೆ ಬಂದಿದ್ದ. "ಏ ಪಂಪಣ್ಣ, ಚ್ಯಾಷ್ಟಿ ಮಾಡಬ್ಯಾಡ. ಫೈನಲ್ ಐತಿ, ಹೊಡಿಯಾಂವ ಇವನೊಬ್ಬನ ಉಳದಾನ. ಲಿಂಗಸುಗೂರಾಗ ನನ್ನ ಹೆಬ್ಬಟ್ಟು ಮುರದಾಗ ಪಟ್ಟಿ ಸುತ್ತಿ ಬಾಲ್ ಹಾಕಿಸಿದಾಂವ ನೀನ ಅಲ್ಲೇನು?"

"ಅದು ಬೆರಳೋ. ಇದು ತಲಿ."

"ಇವನ ತಲ್ಯಾಗ ಏನೈತಿ ಕೆಡಾಕ?"

ಎಲ್ಲರೂ ನಕ್ಕರು. ಮುಷರಫನೂ ನಕ್ಕ. ಪಂಪಾಪತಿಯ ಚೀಲಕ್ಕೆ ತಾನೇ ಕೈಹಾಕಿ ಸ್ಪ್ರೇ ತೆಗೆದು, ಕಿವಿಯ ಹಿಂದೆ ಹೊಡೆದುಕೊಂಡು, ಬ್ಯಾಟು ಹಿಡಿದು ನಿಂತ. ಪಂಪಾಪತಿ ಅಂಪೈರ್ ಕಡೆ ನೋಡಿದ. ಅಂಪೈರ್ ಇಳಿಯುತ್ತಿದ್ದ ಸೂರ್ಯನ ಕಡೆ ನೋಡುತ್ತಿದ್ದ.

ಮಸ್ಕಿ ಗೆದ್ದಿತು. ಹಲಗೆಯ ಬಡಿತ, ಗುಲಾಲಿನ ನಡುವಿನಿಂದ ಮುಷರಫನ ತೋಳು ಹಿಡಿದು ಹೊರಗೆ ತಂದ ಪಂಪಾಪತಿ ಅವನನ್ನು ಸ್ಕೂಟರ್ ಹತ್ತಿಸಿದ. "ಸೀದಾ ದವಾಖಾನಿಗೆ."

"ತಲಿ ಸ್ವಲ್ಪ ನೋಯ್ತದ, ಅಷ್ಟ. ಮೊದಲ ನಿನ್ನ ಆಟದ ರೈಲು ತೋರಸು ಪಂಪಣ್ಣ. ಬರೇ ಹೇಳಾಕತ್ತಿ, ಒಂದಿನಾನೂ ತೋರಿಸಿಲ್ಲ. ಅದನ್ನ ನೋಡಿ ದವಾಖಾನಿಗೆ ಬರ್ತೀನಿ, ಅಮ್ಮಿ ಆಣಿ."

ಪಂಪಾಪತಿ ಸ್ಕೂಟರ್ ನಿಧಾನ ಮಾಡಿದ. ರೈಲು ತೋರಿಸು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಮನೆ ದಾರಿಯಲ್ಲೇ ಇದೆ ಎಂದು ತನಗೆ ತಾನೇ ಹೇಳಿಕೊಂಡ.

ಅವನ ಕೋಣೆಯ ತುಂಬ ಒಂದೇ ಪ್ಲೈವುಡ್ ಮೇಜು. ಸಿಂಧನೂರು, ಬಳಗಾನೂರು, ಮಸ್ಕಿ, ಲಿಂಗಸುಗೂರು ಎಂದು ಸುತ್ತಿ ಬರುವ ಪುಟ್ಟ ಹಳಿ. ಅವಧಿ ಮೀರಿದ ಪ್ಲಾಸ್ಟರ್ ಪಟ್ಟಿಯಿಂದ ಮಸ್ಕಿಯ ಗುಡ್ಡ ಎಬ್ಬಿಸಿದ್ದ. ಹಸಿರು ಬಣ್ಣದಲ್ಲಿ ಅದ್ದಿದ ಅರಳೆಯೇ ಬಳಗಾನೂರಿನ ಭತ್ತದ ಗದ್ದೆ. ಸಿಂಧನೂರಿಗೆ ನಿಜವಾಗಿಯೂ ರೈಲು ಬಂದಿತ್ತು. ಮಸ್ಕಿಗೆ ಬಂದದ್ದು ಈ ಮೇಜಿನ ಮೇಲೆ ಮಾತ್ರ.

ಸ್ವಿಚ್ ಒತ್ತಿದ. ಎಂಜಿನ್ನು ಗುಡ್ಡದ ಹಿಂದಿನಿಂದ ಇಣುಕಿ ರಟ್ಟಿನ ಸ್ಟೇಷನ್ನಿಗೆ ಬಂತು.

"ಅರೇ! ಮಸ್ಕಿಗೆ ರೈಲು ಬಂತು!" ಮುಷರಫ್ ಗೋಡೆಗೆ ಒರಗಿ ಕುಳಿತ. "ಅಮ್ಮಿಗೆ ತೋರಸಬೇಕು ಇದನ್ನ."

ಪಂಪಾಪತಿಯ ಮುಖ ಅರಳಿತು. ಗುಡ್ಡ ಮಾಡಿದ್ದು ಹೇಗೆ, ಅರಳೆಗೆ ಬಣ್ಣ ಹಿಡಿಸಿದ್ದು ಹೇಗೆ ಎಂದು ಹೇಳತೊಡಗಿದ. ರೈಲು ಲಿಂಗಸುಗೂರು ಮುಟ್ಟಿ, ಸುತ್ತಿ, ಮತ್ತೆ ಗುಡ್ಡದ ಹಿಂದಿನಿಂದ ಬಂತು.

"ಅರೇ! ಮಸ್ಕಿಗೆ ರೈಲು ಬಂತು! ಅಮ್ಮಿಗೆ ತೋರಸಬೇಕು ಇದನ್ನ."

ಪಂಪಾಪತಿ ನಕ್ಕ. ಮುಷರಫ್ ನಗಲಿಲ್ಲ. ಅವನ ಮುಖದಲ್ಲಿ ಮೊದಲ ಸಲ ನೋಡಿದವನ ಬೆರಗಿತ್ತು.

ಮುಂದಿನ ಸುತ್ತಿಗೂ ಅದೇ ಮಾತು, ಅದೇ ಬೆರಗು. ನಾಲಿಗೆ ಮಾತ್ರ ತೊಡರಿತು.

"ಮುಷರಫ್, ಇಲ್ನೋಡು. ಇದು ಯಾವ ಊರು?"

ಉತ್ತರ ಬರಲಿಲ್ಲ. ಮೈ ಗೋಡೆಗುಂಟ ಒಂದೇ ಕಡೆ ಜಾರುತ್ತಿತ್ತು. ಸ್ಕೂಟರಿನ ಮೇಲೆ ಕೂರುವ ಸ್ಥಿತಿ ಮೀರಿತ್ತು. ಒಂದು ಕೈಯಲ್ಲಿ ಅವನ ತಲೆ ಹಿಡಿದು ಪಂಪಾಪತಿ ಆಂಬುಲೆನ್ಸಿಗೆ ಫೋನ್ ಹಚ್ಚಿದ. ಹೊರಡುತ್ತದೆ, ದೂರದಿಂದ ಬರಬೇಕು ಎಂದರು. ಮಸ್ಕಿಯವರ ಕ್ರೂಸರ್ ಗಾಡಿ ಮೈದಾನದಲ್ಲೇ ಇತ್ತು. ಯಮನೂರಪ್ಪನಿಗೆ ಹಚ್ಚಿದ.

"ಯಮನೂರ, ಗಾಡಿ ತಗೊಂಡು ಲಗೂನ ಬಾರೋ. ಮುಷರಫ್ ಮಾತಾಡವಲ್ಲ!"

ಆ ಕಡೆ ಹಲಗೆಯ ಬಡಿತ, ಸಿಳ್ಳೆ. "ಯಾರು, ಪಂಪಣ್ಣನೇನು?" ಯಮನೂರಪ್ಪ ನಗುತ್ತಿದ್ದ. "ಸ್ಪ್ರೇ ಹೊಡಿಯಪಾ, ಎದ್ದು ಕುಣೀತಾನ!"

ಫೋನು ಕಟ್ಟಾಯಿತು. ಪಂಪಾಪತಿ ಮತ್ತೆ ಹಚ್ಚಿದ. ಯಾರೂ ಎತ್ತಲಿಲ್ಲ.

ಅವನು ಕೈ ಚಾಚಿ ಸ್ವಿಚ್ ಆರಿಸಿದ. ರೈಲು ಬಳಗಾನೂರಿನ ಗದ್ದೆಗಳ ನಡುವೆಯೇ ನಿಂತುಬಿಟ್ಟಿತು. ಅವನ ತೋಳಿನ ಮೇಲೆ ತಲೆಯಿಟ್ಟಿದ್ದ ಮುಷರಫ್ ಗುಡ್ಡದ ಪಕ್ಕದ ಖಾಲಿ ಸ್ಟೇಷನ್ನನ್ನೇ ನೋಡುತ್ತಿದ್ದ.

"ಅರೇ," ಎಂದ ಮೆಲ್ಲಗೆ. "ಮಸ್ಕಿಗೆ ರೈಲು ಬಂತು."