ಮುಚ್ಚಳದ ನೀಲಿ

ಪರದೆಯ ಮೇಲಿನ ಗೆರೆ ಮೇಲೇಳಲೇ ಇಲ್ಲ. ನಿನ್ನೆ ಸಂಜೆ ಗುಡ್ಡದ ಹಾಗೆ ಎದ್ದು ನಿಂತಿದ್ದ ಸಿಗ್ನಲ್ಲು ಈ ಬೆಳಿಗ್ಗೆ ನೆಲ ಕಚ್ಚಿ ಮಲಗಿತ್ತು. ಸಣ್ಣಕ್ಕ ಕೇಬಲ್ಲುಗಳನ್ನು ಬಿಚ್ಚಿ ಮತ್ತೆ ಬಿಗಿದಳು, ಯಂತ್ರವನ್ನು ಆರಿಸಿ ಮತ್ತೆ ಹಾಕಿದಳು. ಊಹೂಂ. ಮಧ್ಯಾಹ್ನ ಊಟದ ಮೇಲೆ ಆಂಬ್ಯುಲೆನ್ಸಿನವರು ಈ ಹೊಸ ಆಂಟೆನಾವನ್ನು ನೋಡಲು ಬರುವವರಿದ್ದರು.

“ನನ್ನ ಆಂಟೆನಾ ಗುಂಡುಕಲ್ಲಿನ ಹಾಗಿದೆ ಅಕ್ಕ,” ಎಂದ, ಲ್ಯಾಬಿನವರೆಲ್ಲ ಗಡ್ಡ ಎಂದೇ ಕರೆಯುವ ಜೊತೆಗಾರ. “ನಿದ್ದೆ ಹೋಗಿರೋದು ನಿಮ್ಮ ಫೇಸ್ ಶಿಫ್ಟರ್‌ಗಳು. ಮುದ್ದು ಮಾಡಿ ಮಾಡಿ ಮಲಗಿಸಿಬಿಟ್ರಿ.”

“ಸುಮ್ನಿರೋ, ಮೊದಲೇ ನಂಗೆ ಕೈಕಾಲು ಆಡ್ತಿಲ್ಲ.”

ಊಟದ ತಟ್ಟೆಯಷ್ಟಗಲದ ಆಂಟೆನಾ ಅದು. ಆಂಬ್ಯುಲೆನ್ಸಿನ ನೆತ್ತಿಯ ಮೇಲೆ ಕೂತು, ಗಾಡಿ ಎತ್ತ ತಿರುಗಿದರೂ ತಾನು ಕತ್ತು ಹೊರಳಿಸದೆ ಆಕಾಶದ ಉಪಗ್ರಹದ ಮೇಲೆ ಕಣ್ಣಿಟ್ಟಿರಬೇಕು. ದಾರಿಯಲ್ಲೇ ರೋಗಿಯ ಎದೆಬಡಿತ ಆಸ್ಪತ್ರೆಯ ಡಾಕ್ಟರಿಗೆ ಕಾಣುತ್ತಿರಬೇಕು. ಒಳಗೆ ಸಾಲಾಗಿ ಕೂತ ಪುಟ್ಟ ಆಂಟೆನಾಗಳಲ್ಲಿ ಯಾವುದರ ಅಲೆಯನ್ನು ಎಷ್ಟು ತಡೆದು ಬಿಟ್ಟರೆ ನೋಟ ಎತ್ತ ಹೊರಳುತ್ತದೆ ಎಂಬ ಯಜಮಾನಿಕೆ ಫೇಸ್ ಶಿಫ್ಟರ್‌ನದು. ಅದನ್ನು ಉದ್ದಿನ ಕಾಳಿನಷ್ಟಕ್ಕೆ ಇಳಿಸಿದವಳು ಇವಳು. ಎಲ್ಲವನ್ನೂ ಸಣ್ಣದು ಮಾಡುತ್ತಾಳೆಂದೇ ಲ್ಯಾಬಿನವರು ಸಣ್ಣಕ್ಕ ಎಂದು ಹೆಸರಿಟ್ಟಿದ್ದರು. ಇವತ್ತು ಇದು ಕೈಕೊಟ್ಟರೆ ಬಂದವರು ಗುಡಾಣದಂಥ ಹಳೆಯ ಡಿಶ್ಶನ್ನೇ ಒಪ್ಪಿಕೊಂಡು ಹೋಗುತ್ತಾರೆ. ಇವಳ ವರ್ಷಗಳ ದುಡಿಮೆ ಬೀರು ಸೇರುತ್ತದೆ.

ಅಲೆ ಹಿಂದಕ್ಕೆ ಚಿಮ್ಮದಂತೆ ಗೋಡೆ ತುಂಬ ಕಪ್ಪು ಸ್ಪಂಜಿನ ಮುಳ್ಳು ಮೆತ್ತಿದ ಅಳತೆಯ ಕೋಣೆಗೆ ಹೋಗಿ, ಬೇರೇನೂ ತೋಚದೆ ಆಂಟೆನಾದ ಮುಚ್ಚಳ ಎತ್ತಿದಳು. “ಬಂತು ಅಕ್ಕಾ!” ಎಂದು ಗಡ್ಡ ಹೊರಗಿನಿಂದ ಕೂಗಿದ. ಮುಚ್ಚಿದಳು. “ಹೋಯ್ತು!” ಅವಳು ಮುಚ್ಚಳವನ್ನು ಬೆಳಕಿಗೆ ತಂದಳು. ನಿನ್ನೆಯವರೆಗೆ ಬೋಳು ಬಿಳಿಯಾಗಿದ್ದ ಪ್ಲಾಸ್ಟಿಕ್ಕು ಈಗ ಕಡುನೀಲಿ. ನೀಲಿಯೊಳಗೆ ಸಣ್ಣಗೆ ಮಿನುಗುವ ಬೆಳ್ಳಿಯ ಹುಡಿ. ಕಣ್ಣಿಗೆ ಅದು ಚುಕ್ಕಿ. ಅಲೆಗೆ ಲೋಹದ ಗೋಡೆ.

“ಇದು ಬಣ್ಣದ ಮಾವನ ಕೆಲಸ!” ಗಡ್ಡ ಹಣೆ ಚಚ್ಚಿಕೊಂಡ. “ಯಾರು ಹೇಳಿದ್ರು ಅವರಿಗೆ? ಮುಚ್ಚಳ ಬಿಟ್ಟು ತೋರಿಸೋಣ ಅಂದ್ರೆ, ಅದನ್ನೂ ಸೇರಿಸಿಯೇ ನಾನು ಲೆಕ್ಕ ಹಾಕಿದ್ದು, ಇಲ್ದಿದ್ರೆ ಗುರಿ ತಪ್ಪುತ್ತೆ. ಕೊಡಿ, ನಾನೇ ಉಜ್ಜಿ ತೆಗೀತೀನಿ. ಮಾವನಿಗೆ ಗೊತ್ತಾಗೋದೇ ಬೇಡ.”

ಸಣ್ಣಕ್ಕ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದಳು. ಎಲ್ಲೂ ಒಂದು ಹನಿ ಇಳಿದಿರಲಿಲ್ಲ. ಎಲ್ಲರೂ ಮಾವ ಎಂದು ಕರೆಯುತ್ತಿದ್ದ ಹಳೆಯ ಪೇಂಟರ್ ಅವರು. ಬಲಗೈ ನಡುಗಲು ಶುರುವಾದ ಮೇಲೆ ಅವರಿಗೆ ವರ್ಕ್‌ಶಾಪಿನಲ್ಲಿ ಯಾರೂ ಬಣ್ಣದ ಕೆಲಸ ಕೊಡುತ್ತಿರಲಿಲ್ಲ. ಎಲ್ಲವನ್ನೂ ಹೊರಗೆ ಕಳಿಸಿ ಬಣ್ಣ ಹೊಡೆಸುತ್ತಿದ್ದವನು ಈ ಗಡ್ಡನೇ. ಮಾವ ಮೂಲೆಯಲ್ಲಿ ಕೂತು ಸ್ಕ್ರೂ ವಿಂಗಡಿಸುತ್ತಿದ್ದರು.

“ನಾಳೆ ಅವರ ಕಣ್ಣಿಗೆ ಬೀಳಲ್ವೇನೋ? ಕದ್ದು ಅಳಿಸೋದಕ್ಕಿಂತ ಹೇಳಿ ಅಳಿಸೋದು ವಾಸಿ,” ಎಂದು ಅವಳು ವರ್ಕ್‌ಶಾಪಿಗೆ ನಡೆದಳು.

ಅವಳ ಕೈಯಲ್ಲಿ ಮುಚ್ಚಳ ಕಂಡದ್ದೇ ಮಾವನ ಮುಖ ಅರಳಿತು. “ಹೇಗಿದೆ ಮಗಳೇ? ಅಷ್ಟು ಕಷ್ಟಪಟ್ಟು ಮಾಡಿದ್ದೀಯ, ಬಂದವರ ಮುಂದೆ ಅದು ಬರಿಮೈಯಲ್ಲಿ ನಿಲ್ಲಬಾರದು ಅಂತ ಅನ್ನಿಸ್ತು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡ್ಕೊಂಡೇ ಹೊಡೆದೆ. ಎಲ್ಲಾದ್ರೂ ಬಣ್ಣ ಇಳಿದಿದ್ರೆ ತೋರಿಸು, ನೋಡೋಣ!”

“ಎಲ್ಲೂ ಇಳಿದಿಲ್ಲ ಮಾವ. ಇಷ್ಟು ಚೆಂದದ ಬಣ್ಣ ನಾನು ನೋಡೇ ಇಲ್ಲ.” ಅವಳು ಮಿನುಗುವ ಹುಡಿಯನ್ನು ಬೆರಳಿಂದ ತೋರಿಸಿದಳು. “ಆದ್ರೆ ಇದರೊಳಗಿನ ಬೆಳ್ಳಿ ಪುಡಿ ಸಿಗ್ನಲ್ಲನ್ನ ತಡೀತಾ ಇದೆ. ಅವರು ಬರೋದ್ರೊಳಗೆ ತೆಗೀಲೇಬೇಕು. ಬೇಜಾರು ಮಾಡ್ಕೋಬೇಡಿ...”

ಮಾವ ಕೈ ಚಾಚಿದರು. ಮುಚ್ಚಳವನ್ನು ಕಿಟಕಿಯತ್ತ ಒಮ್ಮೆ ವಾಲಿಸಿ ನೋಡಿ, ಬೆಂಚಿನ ಮೇಲೆ ಮಲಗಿಸಿ, ಉಜ್ಜುಕಾಗದ ನೀರಿನಲ್ಲಿ ಅದ್ದಿದರು.

“ಬೇಜಾರು ಸಂಜೆ ಮಾಡ್ಕೊಂಡ್ರಾಯ್ತು. ಈಗ ಆ ಅಂಚು ಹಿಡ್ಕೋ.”

ಉಜ್ಜತೊಡಗಿದರು. ನೀಲಿ ನೀರು ಬೆಂಚಿನಿಂದ ತೊಟ್ಟಿಕ್ಕಿತು. ಹಿಂದೆಯೇ ಬಂದಿದ್ದ ಗಡ್ಡ ಅಂಗಿಯ ತೋಳು ಮಡಚಿ ಇನ್ನೊಂದು ಅಂಚು ಹಿಡಿದ.

“ನೋಡಿದ್ಯೇನಯ್ಯ,” ಮಾವ ತಲೆಯೆತ್ತದೆ ನಕ್ಕರು, “ಉಜ್ಜೋ ಕೆಲಸಕ್ಕೆ ಈ ಕೈಯನ್ನ ನಾನು ಆಡಿಸೋದೇ ಬೇಕಿಲ್ಲ. ತಾನೇ ಆಡ್ತದೆ.”

ಇಬ್ಬರಿಗೂ ನಗಲಾಗಲಿಲ್ಲ.

ಮಧ್ಯಾಹ್ನ ಬಂದವರ ಮುಂದೆ ಗೆರೆ ಗುಡ್ಡವಾಗಿ ಎದ್ದಿತು. ಸಣ್ಣಕ್ಕ ಗುಂಡಿ ಒತ್ತಿದಂತೆಲ್ಲ ಕರೆದ ಕಡೆಗೆ ಹೊರಳಿತು. ಬಂದವರಲ್ಲಿ ಹಿರಿಯರಾದ ಡಾಕ್ಟರಮ್ಮ ಮತ್ತೆ ಮತ್ತೆ ನೋಡಿ, “ಇದೇ ಇರಲಿ,” ಎಂದರು. ಆಮೇಲೆ ಮುಚ್ಚಳ ಮುಟ್ಟಿದರು. “ಒಳಗೆ ಇಷ್ಟು ಸೊಗಸು, ಮೇಲೆ ಮಾತ್ರ ಬೆಕ್ಕು ಪರಚಿದ ಹಾಗಿದೆಯಲ್ಲ! ಇದಕ್ಕೆ ಬಣ್ಣ ಹೊಡೆಸೋದಿಲ್ವಾ?”

ಸಣ್ಣಕ್ಕ ಬಾಯಿ ತೆರೆಯುವ ಮೊದಲೇ ಗಡ್ಡ ಹೇಳಿದ: “ಹೊಡೆಸ್ತೀವಿ ಮೇಡಂ. ಬೆಳ್ಳಿ ಇಲ್ಲದ ನೀಲಿ. ಹೊರಗೆಲ್ಲೂ ಕೊಡಲ್ಲ, ನಮ್ಮ ಮಾವನೇ ಹೊಡೀತಾರೆ.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ನಿಂತಿದ್ದ ಮಾವ ಬಲಗೈಯನ್ನು ಮೆಲ್ಲಗೆ ಜೇಬಿನಿಂದ ಹೊರಗೆ ತೆಗೆದರು.