ಬಜೆಟ್ಟಿನ ದಿನ ಬಂದ ಫೋನು

ರಾಜಾಜಿನಗರದ ಸಿಹಿ ಅಂಗಡಿಯ ಮುಂದೆ ತುಪ್ಪದ ಹಲ್ವದ ಘಮ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ದೆಹಲಿಯಲ್ಲಿ, ಬಜೆಟ್ ಅಚ್ಚಾಗುವ ಮುದ್ರಣಾಲಯದಲ್ಲಿದ್ದರು. ಪ್ರತಿವರ್ಷ ಅಲ್ಲಿ ಹಲ್ವ ಹಂಚಿದ ಮೇಲೆ ಎಲ್ಲರನ್ನೂ ಒಳಗೇ ಇರಿಸಿಕೊಳ್ಳುತ್ತಿದ್ದರು. ಗುಟ್ಟು ಹೊರಬೀಳಬಾರದೆಂದು, ಸಂಸತ್ತಿನಲ್ಲಿ ಹಣಕಾಸು ಮಂತ್ರಿಗಳ ಭಾಷಣ ಮುಗಿಯುವವರೆಗೆ ಮನೆಗೆ ಫೋನು ಕೂಡ ಮಾಡುವಂತಿರಲಿಲ್ಲ. ಆ ವರ್ಷ ಅಪ್ಪ ಒಳಗಿದ್ದಾಗಲೇ, ತಿಂಗಳು ತುಂಬುವ ಮೊದಲೇ, ನನ್ನ ತಂಗಿ ಹುಟ್ಟಿದಳು.

ಬಜೆಟ್ಟಿನ ದಿನ ವಿಜಯನಗರದ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಮೆತ್ತಗಿನ ಹಳೆಯ ಸೀರೆಯಲ್ಲಿ ಸುತ್ತಿದ ಮಗು ಅಮ್ಮನ ತೊಡೆಯ ಮೇಲಿತ್ತು. ಪಕ್ಕದ ಮನೆಯ ಅಂಕಲ್ ಕಿಟಕಿಯಲ್ಲಿ ಇಣುಕಿ, "ಟ್ಯಾಕ್ಸ್ ಜಾಸ್ತಿ ಮಾಡಿದ್ರಾ ಅಜ್ಜಿ?" ಎಂದರು.

"ಅದಿನ್ನೂ ಸಂಸತ್ತಲ್ಲಿ ಚರ್ಚೆ ಆಗ್ಬೇಕು, ವೋಟ್ ಆಗ್ಬೇಕು ಕಣಪ್ಪ. ಮೊದ್ಲು ಇವ್ರ ಮಾತು ಮುಗೀಲಿ," ಎಂದರು ಅಜ್ಜಿ.

ಮಂತ್ರಿಗಳು ನೀರು ಕುಡಿಯಲು ಮಾತು ನಿಲ್ಲಿಸಿದಾಗಲೆಲ್ಲ ಅಮ್ಮ ಫೋನಿನತ್ತ ನೋಡುತ್ತಿದ್ದಳು. ಕೊನೆಗೆ ಭಾಷಣ ಮುಗಿದು, ಟಿವಿಯಲ್ಲಿ ಸದಸ್ಯರು ಮೇಜು ಕುಟ್ಟುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಮಗು ಬೆಚ್ಚಿಬಿದ್ದು ಅಳತೊಡಗಿತು.

ಅಮ್ಮ ಫೋನ್ ಎತ್ತಿಕೊಂಡಳು. ಅಪ್ಪನ ದನಿ ನನಗೂ ಕೇಳಿಸಿತು.

"ಹುಷಾರಾಗಿದೀಯಾ? ಯಾರ ಮಗು ಅದು, ಅಷ್ಟೊಂದು ಅಳ್ತಿರೋದು?"

ಅಮ್ಮ ರಿಸೀವರನ್ನು ತಂಗಿಯ ಬಾಯಿಯ ಹತ್ತಿರ ಹಿಡಿದಳು.