ಬರೆಯಲಾಗದವಳ ಮತ

ಕಂಬಾವೊ ತನ್ನ ಹೆಂಡತಿ ಲಪಾಮೆಯ ಬೆರಳು ಮುರಿದದ್ದು ಮತಗಟ್ಟೆಯ ಎದುರಿಗೆ, ಇಡೀ ಕುಲ ನೋಡುತ್ತಿರುವಾಗ.

ಅವಳ ಬಲಗೈಯನ್ನು ಬೇಲಿಗೂಟದ ಮೇಲೆ ಒತ್ತಿ ಹಿಡಿದ. ಕೊಡಲಿಯನ್ನು ತಿರುಗಿಸಿ ಅದರ ಬೆನ್ನಿನಿಂದ ಹೊಡೆದ. ಒಂದೇ ಏಟು. ಹೆಬ್ಬೆರಳಿನ ಪಕ್ಕದ ಎರಡು ಬೆರಳು ಹಸಿ ಕಡ್ಡಿಯಂತೆ ಮಡಚಿಕೊಂಡವು. ಅವಳು ಕೂಗಲಿಲ್ಲ. ಉಗುರಿನ ಸಂದಿಯಿಂದ ರಕ್ತ ಇಳಿದು ಕೆಸರಿಗೆ ಬಿತ್ತು.

"ಈಗ ಬರಿ ನೋಡೋಣ," ಎಂದ ಕಂಬಾವೊ.

ಕುಲದ ಹಿರಿಯ ಪ್ಯಕಾಲಿ ತಲೆದೂಗಿದ. ಬೆಳಗಿನಿಂದ ಅವನ ಕಣ್ಣು ಈ ಹೆಂಗಸಿನ ಮೇಲೇ ಇತ್ತು. ಪ್ರಾಂತ್ಯದ ಗವರ್ನರ್ ಸ್ಥಾನಕ್ಕೆ ಅವನ ಹಿರಿಮಗ ಲಕಾಯಿನ್ ನಿಂತಿದ್ದ. ಊರಿನ ಇನ್ನೂರ ಹದಿನಾಲ್ಕು ಮತಚೀಟಿಯೂ ಅವನಿಗೇ ಬೀಳಬೇಕೆಂದು ಹಂದಿ ಕೊಯ್ದು, ಮಾಂಸ ಹಂಚಿ, ತೀರ್ಮಾನವಾಗಿತ್ತು. ತಪ್ಪಿದವರ ಮನೆ ಉರಿಯುತ್ತದೆ, ಒಳಗಿದ್ದವರ ಸಮೇತ. ಅದೂ ತೀರ್ಮಾನವಾಗಿತ್ತು.

ಎದುರಾಳಿ ಹೊಳೆಯಾಚೆಯ ನರ್ಸ್ ಐಪು. ಲಪಾಮೆ ಹುಟ್ಟಿದ್ದೂ ಹೊಳೆಯಾಚೆಯೇ. ಬೀಗ ಬಿದ್ದ ಆರೋಗ್ಯ ಕೇಂದ್ರವನ್ನು ತೆರೆಸುತ್ತೇನೆಂದು ಐಪು ಹೇಳಿದ್ದಳು. ಹೋದ ವರ್ಷ ಅದರ ಮೆಟ್ಟಿಲ ಮೇಲೆಯೇ ಲಪಾಮೆಯ ಮಗು ಹುಟ್ಟಿ, ಉಸಿರಾಡದೆ ಹೋಗಿತ್ತು. ಕಂಬಾವೊ ಅದನ್ನು ನೂಲಿನ ಚೀಲದಲ್ಲಿ ಹೊತ್ತು ತಂದು ಹೂಳಿದ್ದ. ಅಂದಿನಿಂದ ಲಪಾಮೆ ಸಂತೆಯಲ್ಲಿ ಕಂಡವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ನನ್ನ ಚೀಟಿ ನನ್ನದು.

ಹೊಳೆಯಾಚೆಯಿಂದ ಮದುವೆಯಾಗಿ ಬಂದವರ ಚೀಟಿಗಳನ್ನು ಪ್ಯಕಾಲಿಯ ಕಿರಿಮಗ ತೆಮಾನೆ ಮೇಜಿನ ಬಳಿಯೇ ಕಿತ್ತುಕೊಂಡು ಅಣ್ಣನ ಹೆಸರನ್ನು ತಾನೇ ಬರೆದು ಹಾಕುತ್ತಿದ್ದ. ಒಬ್ಬಳು ಬಿಗಿಯಾಗಿ ಹಿಡಿದುಕೊಂಡಳು. ಮಚ್ಚಿನ ಏಟಿಗೆ ಅವಳ ಕಿವಿ ಹರಿದು ಜೋತಿತ್ತು. ಪೊಲೀಸರಿಬ್ಬರೂ ಲಾರಿಯ ಹಿಂದೆ ನಿಂತು ಬೆಟ್ಟ ನೋಡುತ್ತಿದ್ದರು.

ರಾಜಧಾನಿ ಪೋರ್ಟ್ ಮೋರ್ಸ್ಬಿಯಿಂದ ಬಂದಿದ್ದ ಚುನಾವಣಾ ಅಧಿಕಾರಿ ತೌವಾ ನಿಯಮದ ಪುಸ್ತಕ ತೆರೆದ. ಬರೆಯಲಾಗದವರ ಪರವಾಗಿ ಅವರು ಹೇಳಿದ ಒಬ್ಬರು ಬರೆಯಬಹುದು, ಯಾರು ಬರೆಯಲಿ ಎಂದು ಲಪಾಮೆಯನ್ನು ಕೇಳಿದ.

ತೆಮಾನೆ ಕೈ ಚಾಚಿದ. ಕಂಬಾವೊ ಅವನ ಎದೆಗೆ ಕೈಯಿಟ್ಟು ತಳ್ಳಿದ. "ಹಂದಿ ತೆರ ಕೊಟ್ಟು ಇವಳನ್ನ ತಂದೋನು ನಾನು. ನೀನ್ಯಾಕೋ ಮಧ್ಯ?"

ಗುಂಪು ನಕ್ಕಿತು.

"ಬಿಡೋ ತೆಮಾನೆ," ಎಂದ ಪ್ಯಕಾಲಿ. "ನೀನು ಚೀಟಿ ಕಿತ್ಕೊಂಡೆ, ಅವನು ಕೈನೇ ಮುರಿದ. ಕಲ್ತುಕೋ."

"ಇವನೇ ಬರೀಲಿ," ಎಂದಳು ಲಪಾಮೆ, ಗಂಡನ ಮುಖ ನೋಡದೆ. "ಇನ್ನೇನು ಉಳಿದಿದೆ ಮುರಿಯೋಕೆ?"

ಇಬ್ಬರೂ ರಟ್ಟಿನ ಮರೆಯ ಹಿಂದೆ ಹೋದರು. ಹೊರಬಂದಾಗ ಚೀಟಿ ನಾಲ್ಕು ಮಡಿಕೆಯಾಗಿತ್ತು. ಕಂಬಾವೊ ಅದನ್ನು ಪೆಟ್ಟಿಗೆಗೆ ತುರುಕಿದ. ತನ್ನ ಚೀಲದಿಂದ ಬಿದಿರಿನ ಸೀಳು, ಬಟ್ಟೆಯ ಪಟ್ಟಿ ತೆಗೆದು ಅವಳ ಬೆರಳಿಗೆ ಬಿಗಿದು, ಮನೆಗೆ ನಡೆ ಎಂದು ಗದರಿದ.

ಈ ಬೆಟ್ಟಸೀಮೆಯಲ್ಲಿ ಎಣಿಕೆ ಪೆಟ್ಟಿಗೆ ಪೆಟ್ಟಿಗೆಯಾಗಿ, ಎಲ್ಲರ ಕಣ್ಣೆದುರು ನಡೆಯುತ್ತದೆ. ಯಾವ ಊರು ಯಾರಿಗೆ ಕೊಟ್ಟಿತೆಂಬುದು ಮುಚ್ಚಿಡುವ ವಿಷಯವಲ್ಲ. ಆರನೆಯ ದಿನ ಅವರ ಪೆಟ್ಟಿಗೆ ತೆರೆದರು. ಲಕಾಯಿನ್‌ಗೆ ಇನ್ನೂರ ಹದಿಮೂರು. ಐಪುವಿಗೆ ಒಂದು.

ಯಾರೋ ಲಪಾಮೆಯ ಹೆಸರೆತ್ತಿದರು. ಪ್ಯಕಾಲಿಯೇ ಅವರ ಬಾಯಿ ಮುಚ್ಚಿಸಿದ. ಬೆರಳು ಮುರಿದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಅವಳ ಚೀಟಿ ಬರೆದವನು ಕಂಬಾವೊ, ಕುಲದಲ್ಲಿ ಅವನಷ್ಟು ಗಟ್ಟಿ ಆಳು ಇನ್ನೊಬ್ಬನಿಲ್ಲ ಎಂದ.

ಹಾಗಾದರೆ ಹೊಳೆಯಾಚೆಯವರ ಉಳಿದ ಚೀಟಿಗಳನ್ನು ಬರೆದವನು ಒಬ್ಬನೇ. ಲಕಾಯಿನ್ ತಮ್ಮನ ಕಡೆಗೆ ತಿರುಗಿದ. ತೆಮಾನೆ ಬಾಯಿ ತೆರೆಯುವಷ್ಟರಲ್ಲಿ ಮಚ್ಚು ಭುಜದೊಳಗೆ ಇಳಿದಿತ್ತು. ಎಲುಬು ಬೆಳ್ಳಗೆ ಕಂಡಿತು. ಸಂಜೆಯೊಳಗೆ ಪ್ಯಕಾಲಿಯ ಅಂಗಳದಲ್ಲಿ ಎರಡು ಮನೆ ಉರಿದವು. ಕಂಬಾವೊನ ಮನೆಯ ಕಡೆಗೆ ಯಾರೂ ಬರಲಿಲ್ಲ.

ಮತದಾನದ ಹಿಂದಿನ ಮಧ್ಯಾಹ್ನ, ಗೆಣಸಿನ ತೋಟದಲ್ಲಿ, ನನ್ನಿಂದಾಗದು ಎಂದು ಕಂಬಾವೊ ಎರಡು ಸಲ ಕೊಡಲಿ ಬಿಸುಟಿದ್ದ; ಪೂರ್ತಿ ಕೈ ಬೇಡ, ಪೆನ್ನು ಹಿಡಿಯುವ ಎರಡು ಬೆರಳು ಸಾಕು ಎಂದು ಲಪಾಮೆಯೇ ಅದನ್ನು ಎತ್ತಿ ಅವನ ಕೈಗಿಟ್ಟಿದ್ದಳು.